ಸಾರೋಟಿನೊಳಗಿನ ಪಂಕ್ತಿ

ಮೋಪಾಸಾನು 1880ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ, ಪ್ರಷ್ಯದ ಸೈನ್ಯಕ್ಕೆ ವಶವಾದ ನಗರದಿಂದ ಹೊರಟ ಕುದುರೆಗಾಡಿಯೊಳಗೆ ಕುಲೀನರೂ ವರ್ತಕರೂ ಸಂನ್ಯಾಸಿನಿಯರೂ ಒಬ್ಬ ವೇಶ್ಯೆಯೊಡನೆ ಒತ್ತಾಗಿ ಕೂರಬೇಕಾಗುತ್ತದೆ. ಹಸಿವಾದಾಗ ಅವಳ ಬುತ್ತಿಯನ್ನುಂಡ ಆ ಮರ್ಯಾದಸ್ಥರೇ ಕಡೆಗೆ ಅವಳಿಗೆ ಬೆನ್ನು ತಿರುಗಿಸುತ್ತಾರೆ. ಆ ಗಾಡಿಯನ್ನೇ ನೆನಪಿಗೆ ತರುವಂತೆ ಅಮೆರಿಕದ ಅರ್ನೆಸ್ಟ್ ಹೇಕಾಕ್ಸನು 1937ರಲ್ಲಿ ಪ್ರಕಟಿಸಿದ ಸಣ್ಣ ಕಥೆಯನ್ನು ಡಡ್ಲಿ ನಿಕಲ್ಸನು ಚಿತ್ರಕಥೆಯಾಗಿ ಬೆಳೆಸಲು, ಜಾನ್ ಫೋರ್ಡನ ನಿರ್ದೇಶನದಲ್ಲಿ ಅದು 1939ರಲ್ಲಿ ‘ಸ್ಟೇಜ್‌ಕೋಚ್’ ಎಂಬ ಚಿತ್ರವಾಯಿತು.

ಒಬ್ಬ ನಾಯಕ, ಒಬ್ಬ ಖಳ, ನಡುವೆ ಧೂಳೆಬ್ಬಿಸುವ ಕುದುರೆಗಳು, ಇಷ್ಟರಿಂದಲೇ ಬಹುಪಾಲು ವೆಸ್ಟರ್ನ್ ಚಿತ್ರಗಳು ತೃಪ್ತವಾಗಿದ್ದ ಕಾಲದಲ್ಲಿ, ಲಾರ್ಡ್ಸ್‌ಬರ್ಗಿಗೆ ಹೊರಟ ಈ ಸಾರೋಟಿನಲ್ಲಿ ಒಂಬತ್ತು ಮಂದಿಯಿದ್ದರು: ಊರಿನ ಸತೀಮಣಿಯರು ಹೊರಗಟ್ಟಿದ ವೇಶ್ಯೆ ಡ್ಯಾಲಸ್, ಕುಡುಕ ವೈದ್ಯ ಬೂನ್, ಸೈನ್ಯಾಧಿಕಾರಿಯ ಗರ್ಭಿಣಿ ಪತ್ನಿ ಲೂಸಿ, ದಕ್ಷಿಣ ಪ್ರಾಂತದ ಕುಲಾಭಿಮಾನಿ ಜೂಜುಗಾರ ಹ್ಯಾಟ್‌ಫೀಲ್ಡ್, ಹಣ ಕದ್ದೊಯ್ಯುತ್ತ ನೀತಿ ಬೋಧಿಸುವ ಬ್ಯಾಂಕಿನ ಯಜಮಾನ, ವಿಸ್ಕಿ ಮಾರುವ ಸಾಧುಪ್ರಾಣಿ, ಸೆರೆಮನೆಯಿಂದ ತಪ್ಪಿಸಿಕೊಂಡ ರಿಂಗೋ, ಅವನನ್ನು ಹಿಡಿದ ಮಾರ್ಷಲ್, ಮತ್ತು ಬಾಯಿ ಮುಚ್ಚದ ಸಾರಥಿ.

ಆದರೆ ಬಗೆಬಗೆಯ ಜನರನ್ನು ಒಂದೆಡೆ ತುಂಬಿದ ಮಾತ್ರಕ್ಕೆ ಪಾತ್ರವೈದೃಶ್ಯವು ಸಿದ್ಧಿಸದು. ಒಬ್ಬರ ಗುಣವು ಮತ್ತೊಬ್ಬರ ಸನ್ನಿಧಿಯಲ್ಲಿ ಒರೆಗಲ್ಲಿಗೆ ಹತ್ತಬೇಕು. ದಾರಿಯ ತಂಗುದಾಣವೊಂದರಲ್ಲಿ ಊಟದ ಮೇಜಿನ ಬಳಿ ರಿಂಗೋ ಡ್ಯಾಲಸಳಿಗೆ ಕುರ್ಚಿ ಎಳೆದು ಲೂಸಿಯ ಮಗ್ಗುಲಲ್ಲೇ ಕುಳ್ಳಿರಿಸುತ್ತಾನೆ; ಕಿಟಕಿಯ ಬಳಿ ತಂಪಾಗಿದೆಯೆಂಬ ನೆಪ ಹೇಳಿ ಹ್ಯಾಟ್‌ಫೀಲ್ಡನು ಲೂಸಿಯನ್ನು ಮೇಜಿನ ಆ ತುದಿಗೆ ಕರೆದೊಯ್ಯಲು, ಬ್ಯಾಂಕಿನ ಯಜಮಾನನೂ ಹಿಂದೆಯೇ ಎದ್ದು ಹೋಗುತ್ತಾನೆ. ತಾನು ಕೈದಿಯಾದುದರಿಂದಲೇ ಅವರು ಎದ್ದರೆಂದು ಮುಗ್ಧನಾದ ರಿಂಗೋ ಭಾವಿಸುತ್ತಾನೆ. ಮುಂದೆ ಅದೇ ಜೂಜುಗಾರನು ಲೂಸಿಗೆ ಬೆಳ್ಳಿಯ ಬಟ್ಟಲಿನಲ್ಲಿ ನೀರು ಕೊಟ್ಟು, ಡ್ಯಾಲಸಳ ಸರದಿಗೆ ಆ ಬಟ್ಟಲನ್ನು ಜೇಬಿಗಿಳಿಸುತ್ತಾನೆ. ನಮ್ಮ ಪಂಕ್ತಿಭೇದವನ್ನು ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಲೂಸಿಗೆ ಹೆರಿಗೆನೋವು ಬಂದ ರಾತ್ರಿ, ಕಡುಕಾಫಿ ಕುಡಿಕುಡಿದು ಅಮಲಿಳಿಸಿಕೊಂಡ ಬೂನನು ಹೆರಿಗೆ ಮಾಡಿಸುತ್ತಾನೆ. ಕೂಸನ್ನು ಎತ್ತಿಕೊಳ್ಳುವವಳು ಡ್ಯಾಲಸ್. ಆ ವೈದ್ಯನ ಪಾತ್ರಕ್ಕಾಗಿ ಥಾಮಸ್ ಮಿಚೆಲ್ಲನಿಗೆ ಆಸ್ಕರ್ ದೊರೆತುದು ನ್ಯಾಯವೇ. ಪ್ರಯಾಣಾಂತ್ಯದಲ್ಲಿ ಲೂಸಿ ಡ್ಯಾಲಸಳಿಗೆ ಕೃತಜ್ಞತೆ ಹೇಳಹೊರಟು ವಾಕ್ಯವನ್ನು ಪೂರೈಸಲಾರದೆ ಹೋಗುತ್ತಾಳೆ. ಆ ಅರ್ಧವಾಕ್ಯದ ಪ್ರಾಮಾಣಿಕತೆ ಪೂರ್ಣ ಪಶ್ಚಾತ್ತಾಪಕ್ಕೆ ಇರುತ್ತಿರಲಿಲ್ಲ.

ಇಷ್ಟು ಸೂಕ್ಷ್ಮವಾಗಿ ಮನುಷ್ಯರನ್ನು ತೂಗಿದ ಈ ಕೃತಿಯು, ಗಾಡಿಯನ್ನು ಬೆನ್ನಟ್ಟಿ ಗುಂಡಿಗೆ ಬೀಳುವ ಅಪಾಚೆ ಯೋಧರಿಗೆ ಮಾತನ್ನಾಗಲಿ ಗುಣವನ್ನಾಗಲಿ ಕೊಡಲಿಲ್ಲ. ಪಂಕ್ತಿಭೇದವನ್ನು ಹಳಿದ ಚಿತ್ರವೇ ಆ ನೆಲದ ಮೂಲನಿವಾಸಿಗಳಿಗೆ ಎಲೆ ಹಾಕಲಿಲ್ಲ.