ಅಸ್ತ್ರ ಒಲೆ ಮತ್ತು ಅದನ್ನು ಊರಿಗೆ ಒಯ್ದವರು

ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಹೊಸ ವಸ್ತುವೊಂದು ಜನಬಳಕೆಗೆ ಬರುವ ಬಗೆಯನ್ನು ಬೆಳಗಾವಿ ಜಿಲ್ಲೆಯ ಕಟಕೋಳ, ರಾಮದುರ್ಗ, ಸವದತ್ತಿ, ಬೈಲಹೊಂಗಲ ಭಾಗದಲ್ಲಿ ಹುಡುಕಹೊರಟರೆ ಮೊದಲು ಎದುರಾಗುವುದು ಹತ್ತಿ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಸಂಕರಿಸಿ ಪಡೆದ ‘ವರಲಕ್ಷ್ಮಿ’ ತಳಿ 1972ರಲ್ಲಿ ಬಿಡುಗಡೆಯಾಯಿತು; ಮುಂದೆ ಡಿಸಿಎಚ್-32, ಅಂದರೆ ‘ಜಯಲಕ್ಷ್ಮಿ’ ಬಂತು. ಸಂಕರಣ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕಾದ್ದರಿಂದ ಬೀಜ ಮಾರುವವರಿಗೆ ಅದರಲ್ಲಿ ಆಸಕ್ತಿಯಿತ್ತು, ಬೈಲಹೊಂಗಲದಂಥ ಹತ್ತಿ ಪೇಟೆಗಳಲ್ಲಿ ಉದ್ದ ಎಳೆಗೆ ಬೆಲೆಯಿತ್ತು. ಒಂದು ಸುಗ್ಗಿಯಲ್ಲಿ ಲಾಭ ಕಾಣಿಸುವ ಇಂಥ ವಸ್ತುವನ್ನು ಪೇಟೆ ತಾನೇ ಮುಂದಕ್ಕೆ ಒಯ್ಯುತ್ತದೆ. ಅಸ್ತ್ರ ಒಲೆಯ ಇತಿಹಾಸ ಹೀಗಿಲ್ಲ. ಲಾಭ ಹಣದಲ್ಲಿ ಕಾಣಿಸದಿರುವಾಗ ಒಂದು ಶೋಧವನ್ನು ಹೊತ್ತು ನಡೆಯುವವರು ಯಾರು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಸಿಗುವ ಸ್ಪಷ್ಟ ಉತ್ತರ ಆ ಇತಿಹಾಸದಲ್ಲಿದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದಾಗ, ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿಕೊಂಡ ಹೆಸರದು. ಬೇರೆಬೇರೆ ವಿಭಾಗಗಳ ಅಧ್ಯಾಪಕರು ತಮ್ಮ ಪಾಠ, ಸಂಶೋಧನೆಗಳ ಜೊತೆಗೇ ಈ ಕೆಲಸವನ್ನು ಮನಸಾರೆ ಹಚ್ಚಿಕೊಂಡರು. ಮರುವರ್ಷ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸರ್ಕಾರಕ್ಕೂ ಇವರಿಗೂ ನಡುವಿನ ಕೊಂಡಿಯಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ, ಎಂದರೆ ಹಳ್ಳಿಯಲ್ಲೇ ಇದ್ದು ಪ್ರಯೋಗ ನಡೆಸುವ ನೆಲೆ, ಆರಂಭವಾಯಿತು.

ಆ ತಂಡ ಒಲೆ ರೂಪಿಸುವ ಮೊದಲು ಲೆಕ್ಕ ಹಾಕಿತು; ಅದರ ದೊಡ್ಡತನ ಇರುವುದೇ ಇಲ್ಲಿ. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವೆಚ್ಚವಾಗುತ್ತದೆ, ಆ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಮನೆಮನೆಯಲ್ಲಿ ಅಳೆದಾಗ, ಸಿಂಹಪಾಲು ಸೌದೆಯದೆಂದೂ, ಅದರಲ್ಲಿ ಬಹುಪಾಲು ಅಡುಗೆಗೇ ಉರಿಯುತ್ತದೆಂದೂ, ಆ ಸೌದೆ ಕೊಂಡದ್ದಲ್ಲ, ಹೆಚ್ಚಾಗಿ ಹೆಂಗಸರು ಮಕ್ಕಳು ಆಯ್ದು ಹೊತ್ತು ತಂದದ್ದೆಂದೂ ತಿಳಿಯಿತು. ಹಳೆಯ ಒಲೆಯಲ್ಲಿ ಉರಿದ ಸೌದೆಯ ಕಾವಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತಿತ್ತು, ಉಳಿದದ್ದು ಗಾಳಿಗೆ ಮತ್ತು ಗೋಡೆಗೆ ಹೋಗುತ್ತಿತ್ತು. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮೊದಲಾದವರು 1980ರ ದಶಕದ ಆರಂಭದಲ್ಲಿ ರೂಪಿಸಿದ ಮೂರು ಪಾತ್ರೆಯ ‘ಅಸ್ತ್ರ ಒಲೆ’ಯಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ ಕಬ್ಬಿಣದ ಜಾಲರಿಯ ಮೇಲೆ ಉರಿದು, ಅದರ ಬಿಸಿ ಒಂದರ ಹಿಂದೊಂದು ಪಾತ್ರೆಗಳನ್ನು ಸವರಿಕೊಂಡು ಹೋಗಿ, ಹೊಗೆ ಕೊಳವೆಯ ಮೂಲಕ ಸೂರಿನಾಚೆ ಸಾಗುತ್ತಿತ್ತು.

ಜಾಲರಿಯ ಎತ್ತರ ಹೆಚ್ಚಾದರೆ, ಪಾತ್ರೆಯ ಬುಡಕ್ಕೂ ಒಲೆಯ ಬಾಯಿಗೂ ನಡುವೆ ಸಂದು ಉಳಿದರೆ, ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಈ ಒಲೆ ಹಳೆಯದಕ್ಕಿಂತ ಕೆಟ್ಟದಾಗಬಹುದು. ಆದ್ದರಿಂದ ಅದನ್ನು ಬೀಜದ ಚೀಲದಂತೆ ಅಂಗಡಿಯಲ್ಲಿಟ್ಟು ಮಾರುವಂತಿರಲಿಲ್ಲ. ಅಳತೆ ತಿಳಿದವರು ಪ್ರತಿ ಮನೆಗೆ ಹೋಗಿ ಕಟ್ಟಬೇಕಿತ್ತು. ಮಂಡಳಿಯ ಆಸರೆಯಲ್ಲಿ ಒಲೆ ಕಟ್ಟುವವರಿಗೆ ತರಬೇತಿ ನಡೆದು, ಒಲೆ ರಾಜ್ಯದ ಜಿಲ್ಲೆಗಳಿಗೆ ಹಬ್ಬಿತು.

ಉಂಗ್ರ ಮುದ್ದೆ, ಸಾರಿನ ಸೀಮೆ. ಕಟಕೋಳದ ಕಡೆಯ ಅಡುಗೆಯೂ ಉರುವಲೂ ಬೇರೆ. ಗಿಡಮರ ಕಡಿಮೆಯಿರುವ ಈ ಒಣಭೂಮಿಯಲ್ಲಿ ಒಲೆಗೆ ಹಾಕುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮತ್ತು ಕುಳ್ಳು. ಕಟ್ಟಿಗೆ ಹಗುರಾದ್ದರಿಂದ ಬೇಗ ಉರಿದುಹೋಗುತ್ತದೆ, ಅದನ್ನು ಬಿಡುವಿಲ್ಲದೆ ಒಳಕ್ಕೆ ನೂಕುತ್ತಿರಬೇಕು. ಜೋಳದ ರೊಟ್ಟಿಯನ್ನು ಬಡಿದು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದ ಮೇಲೆ ಒಲೆಯ ಬಾಯಲ್ಲಿ ಕೆಂಡಕ್ಕೆ ಎದುರಾಗಿ ನಿಲ್ಲಿಸಿದರೆ ಅದು ಉಬ್ಬುತ್ತದೆ. ಬೆಂಕಿಯನ್ನು ಗೂಡಿನೊಳಗೆ ಮುಚ್ಚಿಡುವ ಒಲೆ, ಎಷ್ಟೇ ಸೌದೆ ಉಳಿಸಲಿ, ಈ ಕೊನೆಯ ಕೆಲಸಕ್ಕೆ ಎಡೆ ಕೊಡುವುದು ಕಷ್ಟ. ಇಂಥ ತೊಡಕನ್ನು ಬಿಡಿಸಲು ಆಯಾ ಊರಿನ ಅಡುಗೆಮನೆಯಲ್ಲಿ ಕುಳಿತು ನೋಡುವ, ಅಳತೆ ಬದಲಿಸುವ, ಮತ್ತೆ ಬಂದು ವಿಚಾರಿಸುವ ಜನ ಬೇಕು, ಮತ್ತು ಇದು ಸಂಬಳದ ಲೆಕ್ಕಕ್ಕೆ ಸುಲಭವಾಗಿ ಸಿಗುವ ಕೆಲಸವಲ್ಲ. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಕೈಗೊಂಡ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಗುರಿಯಾಗಿಟ್ಟುಕೊಂಡದ್ದು ಕಟ್ಟಿದ ಒಲೆಗಳ ಸಂಖ್ಯೆಯನ್ನು. ಕಟ್ಟಿದ ಒಲೆ ಉಳಿಯಿತೇ ಎಂದು ನೋಡುವವರು ಸಾಲದೆ ಎಷ್ಟೋ ಒಲೆಗಳು ದುರಸ್ತಿ ಕಾಣದೆ ಮೂಲೆ ಸೇರಿದವು. ಆ ಕಾರ್ಯಕ್ರಮ 2002ರಲ್ಲಿ ನಿಂತಿತು.

ಅದೇ ತಂಡದ ಮತ್ತೊಂದು ಶೋಧಕ್ಕೆ ಬೇರೆ ಗತಿ ಸಿಕ್ಕಿತು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ, ಗೂಡಿನಲ್ಲಿ ಸುಡಬೇಕಿಲ್ಲದ ಇಟ್ಟಿಗೆಗೆ ಮನೆ ಕಟ್ಟಿಸುವವರು ಹಣ ಕೊಡಲು ಸಿದ್ಧರಿದ್ದರು. ಹಾಗಾಗಿ ಯಂತ್ರ ತಯಾರಿಸುವವರು, ಅದನ್ನು ಬಲ್ಲ ವಾಸ್ತುಶಿಲ್ಪಿಗಳು ಮತ್ತು ಮೇಸ್ತ್ರಿಗಳು ಬೆಳೆದರು, ಬೆಂಗಳೂರಿನ ಸುತ್ತ ಅಂಥ ಮನೆಗಳು ಎದ್ದವು. ಒಲೆಯಿಂದ ಉಳಿಯುತ್ತಿದ್ದದ್ದು ಹೆಂಗಸರ ನಡಿಗೆ, ಬೆನ್ನು ಮತ್ತು ಕಣ್ಣು. ಅದಕ್ಕೆ ಬೆಲೆ ಕಟ್ಟುವ ಪೇಟೆ ಬೈಲಹೊಂಗಲದಲ್ಲಿಯೂ ಇರಲಿಲ್ಲ, ಬೆಂಗಳೂರಿನಲ್ಲಿಯೂ ಇರಲಿಲ್ಲ. 2016ರಲ್ಲಿ ಉಜ್ವಲಾ ಯೋಜನೆಯ ಮೂಲಕ ಸಿಲಿಂಡರ್ ಬಡಮನೆಗಳಿಗೆ ಬರತೊಡಗಿದಾಗ, ಅದರ ಹಿಂದೆ ಏಜೆನ್ಸಿ, ಗಾಡಿ, ದುರಸ್ತಿಯವರ ಜಾಲ ಮೊದಲೇ ಸಿದ್ಧವಿತ್ತು. ಉಂಗ್ರದ ತಂಡ ಅಂಥ ಜಾಲವನ್ನು ತಾನೇ ಒಂದೊಂದು ಮನೆಯಿಂದ ನೇಯಬೇಕಾಗಿತ್ತು.