ಭಾರ ಎತ್ತಿದರೆ ಹೃದಯಕ್ಕೆ ಭಾರವೇ?

ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಕಾಣಿಸಿಕೊಂಡರೆ ಮೊದಲು ಕೇಳಿಬರೋ ಮಾತು: "ಇನ್ಮೇಲೆ ಭಾರ ಎತ್ತಬೇಡಿ". ಅಲ್ಲಿಗೆ ಅವರ ಕೈಗೆ ನೀರಿನ ಕೊಡವೂ ಇಲ್ಲ, ತರಕಾರಿ ಚೀಲವೂ ಇಲ್ಲ. ಬೆಳಿಗ್ಗೆ ಒಂದು ವಾಕಿಂಗ್, ಅಷ್ಟೆ. ನಡೆಯೋದು ಒಳ್ಳೆಯದು, ಎತ್ತೋದು ಕೆಟ್ಟದ್ದು ಅನ್ನೋ ಈ ನಂಬಿಕೆ ಬಂದಿದ್ದಾದರೂ ಎಲ್ಲಿಂದ? ಅದರ ಹಿಂದೆ ಒಂದು ಸ್ವಾರಸ್ಯವಾದ ಚರಿತ್ರೆ ಇದೆ.

1950ರ ಸುಮಾರಿಗೆ ನಡೆಯೋದೂ ಅಪಾಯವೇ ಆಗಿತ್ತು! ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. 1952ರಲ್ಲಿ ಬೋಸ್ಟನ್ನಿನ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ಇಂಥ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಬಹುದು ಅಂದಾಗ, ಅದೇ ಒಂದು ದೊಡ್ಡ ಧೈರ್ಯದ ಮಾತು.

ಮರುವರ್ಷ, 1953ರಲ್ಲಿ, ಲಂಡನ್ನಿನ ಜೆರ್ರಿ ಮಾರಿಸ್ ಒಂದು ಸರಳ ಹೋಲಿಕೆ ಪ್ರಕಟಿಸಿದರು. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಆಗ ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡ್ತಾ ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಹೃದಯಾಘಾತ ಕಡಿಮೆ ಇದ್ದದ್ದು ಕಂಡಕ್ಟರುಗಳಲ್ಲಿ. ಚಲನೆಗೂ ಹೃದಯಕ್ಕೂ ಇರೋ ನಂಟಿನ ಚರ್ಚೆಗೆ ಇದೇ ತಳಪಾಯವಾಯಿತು.

1968ರಲ್ಲಿ ಅಮೆರಿಕದ ವಾಯುಸೇನೆಯ ವೈದ್ಯ ಕೆನೆತ್ ಕೂಪರ್ 'ಏರೋಬಿಕ್ಸ್' ಅನ್ನೋ ಪುಸ್ತಕ ಬರೆದರು. ಓಟ, ಈಜು, ಸೈಕಲ್ ಇವು ಹೃದಯಕ್ಕೆ. ತೂಕ ಎತ್ತೋದರಿಂದ ಸ್ನಾಯು ಬೆಳೆಯುತ್ತೆ, ಹೃದಯಕ್ಕೆ ಹೆಚ್ಚೇನೂ ದಕ್ಕೋದಿಲ್ಲ ಅನ್ನೋದು ಅದರ ಧೋರಣೆ. ಪುಸ್ತಕದ ಜೊತೆ ಜಾಗಿಂಗ್ ಕೂಡ ಮನೆಮಾತಾಯಿತು.

ಆದರೆ 1975ರಲ್ಲಿ ಬಂದ ಇನ್ನೊಂದು ಅಧ್ಯಯನ ನೋಡಿ. ರಾಲ್ಫ್ ಪ್ಯಾಫೆನ್‌ಬಾರ್ಗರ್ ಸ್ಯಾನ್ ಫ್ರಾನ್ಸಿಸ್ಕೋ ಬಂದರಿನ 6,351 ಹಮಾಲರ ಲೆಕ್ಕವನ್ನು 22 ವರ್ಷಗಳಷ್ಟು ಹಿಡಿದಿದ್ದರು. ಹಗುರ ಕೆಲಸದವರಲ್ಲಿ ಹೃದಯರೋಗದ ಸಾವು ವರ್ಷಕ್ಕೆ 10,000 ಜನರಿಗೆ 49ರಷ್ಟು. ಅತಿ ಶ್ರಮದ ಕೆಲಸದವರಲ್ಲಿ ಸುಮಾರು 27. ಇವರು ಜಾಗಿಂಗ್ ಮಾಡಿದವರಲ್ಲ ಸ್ವಾಮಿ, ಸರಕು ಹೊತ್ತವರು! ಆದರೆ ಅಲ್ಲಿ ಕೆಲಸವನ್ನು ಅಳೆದದ್ದು ನಿಮಿಷಕ್ಕೆ ಖರ್ಚಾಗುವ ಕ್ಯಾಲೊರಿಯ ಲೆಕ್ಕದಲ್ಲಿ. ಹಾಗಾಗಿ ಜನರಿಗೆ ತಲುಪಿದ್ದು "ಕ್ಯಾಲೊರಿ ಖರ್ಚು ಮಾಡಿ" ಅನ್ನೋ ಪಾಠ. ಎತ್ತೋದರ ಮಾತು ಮೂಲೆಗೆ ಬಿತ್ತು.

ಎತ್ತೋದರ ಬಗ್ಗೆ ಇದ್ದ ಭಯಕ್ಕೆ 1985ರಲ್ಲಿ ಅಂಕಿಯೂ ಸಿಕ್ಕಿತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡಂಕನ್ ಮ್ಯಾಕ್‌ಡೂಗಲ್ ಮತ್ತು ಜೊತೆಗಾರರು ಐವರು ದೇಹದಾರ್ಢ್ಯಪಟುಗಳ ಕೈಯ ರಕ್ತನಾಳಕ್ಕೇ ನಳಿಗೆ ಹಾಕಿ, ಅವರು ಕಾಲಿನಿಂದ ಭಾರ ತಳ್ಳುವಾಗ ರಕ್ತದೊತ್ತಡ ಅಳೆದರು. ಸರಾಸರಿ 320/250! ಮಾಮೂಲು 120/80 ಎಲ್ಲಿ, ಇದೆಲ್ಲಿ? ಹೆದರಿಕೆ ಸಹಜವೇ.

ಅಂಕಿ ನಿಜ. ಆದರೆ ಅದು ಉಸಿರು ಬಿಗಿಹಿಡಿದು, ತಮ್ಮಿಂದಾಗುವ ಗರಿಷ್ಠ ಭಾರದ ಹತ್ತಿರ, ಇನ್ನು ಸಾಧ್ಯವೇ ಇಲ್ಲ ಅನ್ನುವವರೆಗೂ ತಿಣುಕಿದಾಗಿನ ಅಂಕಿ. ಭಾರ ಇಳಿಸಿದ ಕೆಲವೇ ಸೆಕೆಂಡಿನಲ್ಲಿ ಒತ್ತಡವೂ ಇಳಿಯುತ್ತೆ. ಮಿತವಾದ ಭಾರವನ್ನು ಸರಾಗ ಉಸಿರಾಡುತ್ತಾ ಎತ್ತುವವನ ಕತೆ ಬೇರೆ. ಇನ್ನೊಂದು ಮಾತು: ತೋಳಲ್ಲಿ ಶಕ್ತಿ ಹೆಚ್ಚಾದರೆ ಅದೇ ಕೊಡ ನಿಮ್ಮ ಶಕ್ತಿಯ ಸಣ್ಣ ಪಾಲು ಆಗುತ್ತೆ, ಎತ್ತುವಾಗ ಹೃದಯದ ಮೇಲಿನ ಒತ್ತಡವೂ ಇಳಿಯುತ್ತೆ. ಜೊತೆಗೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳೋದೂ ಸ್ನಾಯುಗಳೇ.

2000ದಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಒಪ್ಪಿ, ಸ್ಥಿರವಾಗಿರುವ ಹೃದ್ರೋಗಿಗಳಿಗೂ ಹಗುರ ಭಾರದ ವ್ಯಾಯಾಮ ಹೇಳಿತು. 2007 ಮತ್ತು 2023ರಲ್ಲಿ ಆ ಸಲಹೆಯನ್ನು ಪರಿಷ್ಕರಿಸಿತು.

ಸರಿ, ಲಾಭ ಎಷ್ಟು? 2002ರಲ್ಲಿ ಅಮೆರಿಕದ 44,452 ಗಂಡಸರ ಅಧ್ಯಯನದಲ್ಲಿ, ವಾರಕ್ಕೆ ಅರ್ಧ ಗಂಟೆ ಅಥವಾ ಹೆಚ್ಚು ತೂಕ ಎತ್ತುವವರಲ್ಲಿ ಹೃದಯರೋಗ ಶೇ. 23ರಷ್ಟು ಕಡಿಮೆ ಕಂಡಿತು. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಹೃದಯರೋಗ, ಸಕ್ಕರೆ ಕಾಯಿಲೆ, ಸಾವು ಇವುಗಳ ಅಪಾಯದಲ್ಲಿ ಶೇ. 10ರಿಂದ 17ರ ಇಳಿಕೆ. ವಾರಕ್ಕೆ 30ರಿಂದ 60 ನಿಮಿಷಕ್ಕೇ ಹೆಚ್ಚಿನ ಫಲ ಸಿಕ್ಕಿಬಿಡುತ್ತೆ. 2019ರಲ್ಲಿ 12,591 ಜನರ ಅಧ್ಯಯನವೂ ವಾರಕ್ಕೆ ಒಂದು ಗಂಟೆಯೊಳಗೇ ಲಾಭ ಇದೆ ಅಂದಿತು. ಆ ಮಾಹಿತಿ ಬಂದದ್ದು ಎಲ್ಲಿಂದ ಗೊತ್ತೇ? ಡಲ್ಲಾಸಿನಲ್ಲಿ ಅದೇ ಕೂಪರ್ ಕಟ್ಟಿದ ಕ್ಲಿನಿಕ್ಕಿನಿಂದ :)

ಹಾಗಂತ ವಾಕಿಂಗ್ ಬಿಟ್ಟು ಡಂಬೆಲ್ ಹಿಡೀಬೇಡಿ. ಇವೆಲ್ಲಾ ಹೆಚ್ಚಾಗಿ ಜನರನ್ನು ಗಮನಿಸಿ ಹೇಳಿದ ಮಾತು. ತೂಕ ಎತ್ತುವವರು ಬೇರೆ ರೀತಿಯಲ್ಲೂ ಆರೋಗ್ಯವಂತರಿರಬಹುದು. 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 406 ಜನ ಸ್ಥೂಲಕಾಯರನ್ನು ಗುಂಪು ಮಾಡಿ ಒಂದು ವರ್ಷ ವ್ಯಾಯಾಮ ಮಾಡಿಸಿದರು. ಬರೀ ತೂಕ ಎತ್ತಿದವರಲ್ಲಿ ಹೃದಯದ ಅಪಾಯದ ಒಟ್ಟು ಲೆಕ್ಕ ಇಳಿಯಲಿಲ್ಲ. ಬರೀ ಏರೋಬಿಕ್ ಮಾಡಿದವರಲ್ಲಿ ಇಳಿಯಿತು. ಅರ್ಧ ಇದು ಅರ್ಧ ಅದು ಮಾಡಿದವರಲ್ಲೂ ಅಷ್ಟೇ ಇಳಿಯಿತು, ಮೇಲಾಗಿ ಶಕ್ತಿಯೂ ಬಂತು.

ಆ ಶಕ್ತಿಗೆ ಬೆಲೆ ಎಷ್ಟು? 17 ದೇಶಗಳ ಸುಮಾರು 1,40,000 ಜನರ ಕೈಹಿಡಿತ ಅಳೆದ 'ಪ್ಯೂರ್' ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಪ್ಯೂರ್‌ನಲ್ಲಿ ಪಾಲುದಾರ. ನಡೆಸಿದ್ದು ಮತ್ತದೇ ಮೆಕ್‌ಮಾಸ್ಟರ್! ಹಿಡಿತ 5 ಕೆ.ಜಿ. ಕಡಿಮೆ ಆದಂತೆಲ್ಲಾ ಹೃದಯ ಸಂಬಂಧಿ ಸಾವು ಶೇ. 17ರಷ್ಟು ಹೆಚ್ಚು. ಸಾವಿನ ಮುನ್ಸೂಚನೆ ಕೊಡೋದರಲ್ಲಿ ಕೈಹಿಡಿತ ರಕ್ತದೊತ್ತಡಕ್ಕಿಂತ ಮುಂದಿತ್ತು.

ಆಪರೇಷನ್ ಆದ ಹೊಸತರಲ್ಲಿ, ಬಿ.ಪಿ. ಹತೋಟಿಗೆ ಬರದಿದ್ದಾಗ, ಎದೆನೋವು ಇರುವಾಗ "ಎತ್ತಬೇಡಿ" ಅನ್ನೋದು ಸರಿಯೇ. ಆ ಮಾತಿಗೆ ಒಂದು ಗಡುವು ಇರಬೇಕು. ಗಡುವೇ ಇಲ್ಲದೆ ವರ್ಷಗಟ್ಟಲೆ ಏನನ್ನೂ ಎತ್ತದೆ ಕೂತ ಅಪ್ಪ ಅಮ್ಮಂದಿರ ತೋಳು ತೊಡೆ ಸೊರಗುತ್ತವೆ, ಆಮೇಲೆ ಕುರ್ಚಿಯಿಂದ ಏಳೋದೂ ಹೃದಯಕ್ಕೆ ಭಾರವೇ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ "ಎಷ್ಟು ನಡೀಬೇಕು" ಅನ್ನೋದರ ಜೊತೆಗೆ "ಎಷ್ಟು ಎತ್ತಬಹುದು, ಯಾವತ್ತಿನಿಂದ" ಅಂತಲೂ ಕೇಳಿ.