ಮುಚ್ಚಳಿಕೆಯಿಂದ ಅಚ್ಚಿನ ಕರಾರಿನವರೆಗೆ: ಮಧ್ಯಸ್ಥಿಕೆಯ ಷರತ್ತು ಮತ್ತು ಗ್ರಾಹಕ

ವ್ಯಾಜ್ಯಗಳನ್ನು ಅರಸನ ಸಭೆಗೆ ಒಯ್ಯದೆ ತಮ್ಮವರ ಮುಂದೆಯೇ ಬಗೆಹರಿಸಿಕೊಳ್ಳುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರ’ದಲ್ಲಿ ಕುಲ, ಶ್ರೇಣಿ, ಪೂಗ ಎಂಬ ನ್ಯಾಯಸ್ಥಾನಗಳ ವಿವರಣೆಯಿದೆ. ಕುದುರೆ ವ್ಯಾಪಾರಿಗಳು, ಎಲೆ ಮಾರುವವರು, ನೇಯ್ಗೆಯವರು, ಚರ್ಮಕಾರರು ಮುಂತಾಗಿ ಒಂದೇ ವೃತ್ತಿಯವರ ಕೂಟವೇ ಶ್ರೇಣಿ. ನಾನಾ ಜಾತಿ, ವೃತ್ತಿಗಳಿಗೆ ಸೇರಿ ಒಂದೇ ಊರಿನಲ್ಲಿ ನೆಲೆಸಿದವರ ಸಮೂಹವೇ ಪೂಗ. ಕೆಳಗಿನ ಸ್ಥಾನದ ತೀರ್ಪು ಒಪ್ಪಿಗೆಯಾಗದವನು ಮೇಲಿನ ಸ್ಥಾನಕ್ಕೆ ಹೋಗಬಹುದಾಗಿತ್ತು.

ಮುಂದೆ ಹಳ್ಳಿಗಳಲ್ಲಿ ಉಳಿದುಬಂದ ಪಂಚಾಯಿತಿಯೂ ಇದೇ ಪರಂಪರೆಗೆ ಹತ್ತಿರವಾದುದು. ತೀರ್ಪಿಗೆ ಬದ್ಧರಾಗಿರುವುದಾಗಿ ಉಭಯ ಪಕ್ಷದವರೂ ಮುಚ್ಚಳಿಕೆ ಬರೆದುಕೊಡುತ್ತಿದ್ದರು. 1816ರಲ್ಲಿ ಮದರಾಸು ಸರ್ಕಾರವು ಗ್ರಾಮ ಪಂಚಾಯಿತಿಗಳಿಗೆ ಕಾಯಿದೆಯ ಮಾನ್ಯತೆ ನೀಡಿತು. ಇದರ ಹಿಂದೆ ಥಾಮಸ್ ಮನ್ರೋನ ಒತ್ತಾಸೆಯಿತ್ತು. ಆ ಪಂಚಾಯಿತಿಯನ್ನು ಆದರ್ಶವೆಂದು ಬಣ್ಣಿಸುವುದು ಸರಿಯಾಗದು. ಅಲ್ಲಿ ಹೆಂಗಸರಿಗೂ ಊರ ಹೊರಗಿನ ಕೇರಿಯವರಿಗೂ ಸಾಮಾನ್ಯವಾಗಿ ಆಸನವಿರಲಿಲ್ಲ. ಆದರೂ ಒಂದು ಅಂಶ ಗಮನಾರ್ಹ: ಜಗಳ ಹುಟ್ಟಿದ ಮೇಲೆ, ಪಂಚರು ಯಾರೆಂದು ತಿಳಿದ ಮೇಲೆ ಮುಚ್ಚಳಿಕೆ ಬರೆಯಲಾಗುತ್ತಿತ್ತು.

ಈ ಕ್ರಮವನ್ನು ಬದಲಿಸಿದ್ದು 1899ರ ಮಧ್ಯಸ್ಥಿಕೆ ಅಧಿನಿಯಮ. ಇಂದಿನ ವ್ಯಾಜ್ಯವಷ್ಟೇ ಅಲ್ಲದೆ ಮುಂದೆ ಹುಟ್ಟಬಹುದಾದ ವ್ಯಾಜ್ಯವನ್ನೂ, ಮಧ್ಯಸ್ಥನ ಹೆಸರನ್ನು ಹೇಳದೆಯೇ, ಒಪ್ಪಂದಕ್ಕೆ ಸೇರಿಸಬಹುದೆಂದು ಅದು ವಿಧಿಸಿತು. 1940 ಮತ್ತು 1996ರ ಅಧಿನಿಯಮಗಳಲ್ಲಿಯೂ ಈ ತತ್ತ್ವ ಮುಂದುವರಿಯಿತು. ಸಮಬಲದ ಇಬ್ಬರು ವರ್ತಕರಿಗೆ ಇದು ಅನುಕೂಲವೇ. ಸಾಲ, ವಿಮೆ, ಬೀಜಗಳ ಅಚ್ಚಾದ ಕಾಗದಕ್ಕೆ ರುಜು ಹಾಕುವ ರೈತನ ಸ್ಥಿತಿ ಬೇರೆ. ಷರತ್ತನ್ನು ಓದಿ ತಿದ್ದುವ ಅವಕಾಶ ಅವನಿಗಿಲ್ಲ. ಎಷ್ಟೋ ವೇಳೆ ಅದರ ಭಾಷೆಯೂ ಅವನದಲ್ಲ.

ಕಡಲೆಕಾಯಿಯನ್ನೇ ನೆಚ್ಚಿಕೊಂಡ ಶಿರಾ, ಪಾವಗಡ, ಮಧುಗಿರಿ ಸೀಮೆಗೆ ಹತ್ತಿರವಾಗಬಲ್ಲ ಮೊಕದ್ದಮೆಯೊಂದು ನೆರೆಯ ಆಂಧ್ರಪ್ರದೇಶದಿಂದ ಬಂದಿತು. ಬಿತ್ತನೆ ಬೀಜದ ದೋಷದಿಂದ ಬೆಳೆ ಕೈಕೊಟ್ಟ ರೈತರು 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದೂರು ಕೊಟ್ಟಾಗ, ರಾಷ್ಟ್ರೀಯ ಬೀಜ ನಿಗಮವು ಹಲವು ಆಕ್ಷೇಪಗಳನ್ನೆತ್ತಿತು. ಬೀಜೋತ್ಪಾದನೆಯ ಕರಾರು ಮಾಡಿಕೊಂಡವರು ಗ್ರಾಹಕರಲ್ಲ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದೆ. ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಲ್ಲ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಇವನ್ನು ತಳ್ಳಿಹಾಕಿತು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತನು ಪರೀಕ್ಷೆಗೆಂದು ಒಂದಿಷ್ಟನ್ನು ತೆಗೆದಿಟ್ಟಿರಬೇಕೆಂದು ನಿರೀಕ್ಷಿಸುವಂತಿಲ್ಲ ಎಂಬ ಮಾತು ಒಕ್ಕಲುತನ ಬಲ್ಲವರಿಗೆ ಸಹಜವಾಗಿ ತೋರುತ್ತದೆ. ಗ್ರಾಹಕ ಕಾಯಿದೆಯ 3ನೆಯ ಪ್ರಕರಣವು ಹೆಚ್ಚುವರಿ ಪರಿಹಾರವನ್ನು ಕೊಡುವುದರಿಂದ ಆಯ್ಕೆ ರೈತನದೇ ಎಂದೂ, ಆದರೆ ಮೊದಲಿಗೆ ಮಧ್ಯಸ್ಥಿಕೆಯನ್ನೇ ಆರಿಸಿಕೊಂಡವನು ಬಳಿಕ ಗ್ರಾಹಕ ವೇದಿಕೆಗೆ ಬರಲಾಗದೆಂದೂ ನ್ಯಾಯಾಲಯ ಹೇಳಿತು.

ವಿವಾದ ಅಲ್ಲಿಗೆ ನಿಲ್ಲಲಿಲ್ಲ. 2015ರಲ್ಲಿ ಮಧ್ಯಸ್ಥಿಕೆ ಅಧಿನಿಯಮದ 8ನೆಯ ಪ್ರಕರಣಕ್ಕೆ ತಿದ್ದುಪಡಿಯಾಗಿ, ಯಾವುದೇ ನ್ಯಾಯಾಲಯದ ತೀರ್ಪು ಏನೇ ಇದ್ದರೂ ಪಕ್ಷಗಾರರನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕೆಂಬ ಮಾತು ಸೇರಿತು. ಹಳೆಯ ತೀರ್ಪುಗಳು ಇದರಿಂದ ಬಿದ್ದುಹೋದುವೆಂದು ಕಟ್ಟಡ ಕಂಪನಿಯೊಂದು ವಾದಿಸಿತು. ಎಮ್ಮಾರ್ ಎಂಜಿಎಫ್ ಪ್ರಕರಣವೆಂದು ಹೆಸರಾದ ಇದರಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರಿನಲ್ಲಿ ಆ ವಾದವನ್ನು ಒಪ್ಪಲಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಕಾಯಿದೆಯ 100ನೆಯ ಪ್ರಕರಣವೂ ಹಳೆಯ ಮಾತನ್ನೇ ಉಳಿಸಿಕೊಂಡಿದೆ.

ಹೊಸ ಕಾಯಿದೆಯ 34ನೆಯ ಪ್ರಕರಣಕ್ಕೆ ಇನ್ನೂ ಹೆಚ್ಚಿನ ಮಹತ್ವ ಸಲ್ಲಬೇಕು. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಧ್ಯಸ್ಥಿಕೆ ಚೆನ್ನೈನಲ್ಲಿಯೋ ಮುಂಬಯಿಯಲ್ಲಿಯೋ ನಡೆಯತಕ್ಕದ್ದೆಂದು ಕರಾರಿನಲ್ಲಿದ್ದರೂ ಶಿರಾ ತಾಲ್ಲೂಕಿನ ತಾವರೆಕೆರೆಯ ಗ್ರಾಹಕನು ತುಮಕೂರಿನ ಜಿಲ್ಲಾ ಆಯೋಗದ ಮೆಟ್ಟಿಲೇರಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ.